ಕಬ್ಬಿಣ ಕೊಯ್ಯುವ ಯಂತ್ರವೂ ನನ್ನ ಸಿಟ್ಟೂ

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಅಳಿಯ ಬಾಲ್ಕನಿಯಲ್ಲಿ ಕುಳಿತು ಹೊಸ ಪೆಟ್ಟಿಗೆಯೊಂದನ್ನು ಬಿಚ್ಚುತ್ತಿದ್ದರು. ನಾನು ಚಹಾದ ಕಪ್ಪು ಹಿಡಿದು ಸುಮ್ಮನೆ ಇಣುಕಿದೆ. ಒಳಗಿಂದ ಬಂದದ್ದು ಡಿಸ್ಕು ತಿರುಗಿಸಿ ಕಬ್ಬಿಣ ಕೊಯ್ಯುವ, ಉಜ್ಜುವ ಒಂದು ಕೈ ಗ್ರೈಂಡರ್. ಅದಕ್ಕೆ ಅವರು ಹಾಕಲು ಹೊರಟದ್ದು ಹಲ್ಲುಹಲ್ಲಾದ, ಮರ ಕೊಯ್ಯುವ ಬ್ಲೇಡು. ಕೊಯ್ಯಬೇಕಾಗಿದ್ದದ್ದು ನಮ್ಮ ಹಳೆಯ ಕಬ್ಬಿಣದ ಮಂಚದ ಕಾಲು. ಬ್ಲೇಡಿನ ಅರ್ಧ ಭಾಗವನ್ನು ಮುಚ್ಚಿ ನಮ್ಮ ಕೈ, ಮುಖ ಕಾಯುವ ತಗಡಿನ ಟೊಪ್ಪಿಗೆಯೊಂದು ಇರುತ್ತದಲ್ಲ, ಗಾರ್ಡು, ಅದನ್ನು ಅಡ್ಡ ಬರುತ್ತದೆಂದು ಕಳಚಿ ತುಳಸಿ ಕುಂಡದ ಮೇಲೆ ಇಟ್ಟಿದ್ದರು.

ಆಮೇಲಿನದು ನನಗೆ ಪೂರ್ತಿ ನೆನಪಿಲ್ಲ. ನಾನು ಕೂಗಿದೆನಂತೆ. ಕೆಳಗಿನ ಮನೆಯವರು ಬಾಗಿಲು ತೆರೆದು ಮೇಲೆ ನೋಡಿದರಂತೆ. ಮಗಳು ಓಡಿ ಬಂದು ನನ್ನ ತೋಳಿಗೆ ಬಿ.ಪಿ. ನೋಡುವ ಪಟ್ಟಿ ಸುತ್ತಿದಳು; ಅದು ಉಬ್ಬುತ್ತಿರುವಾಗಲೂ ನಾನು ಬೈಯುತ್ತಲೇ ಇದ್ದೆ.

"ಮಾವಾರ, ವಿಡಿಯೋ ನೋಡೇ ಮಾಡಾಕತ್ತೀನ್ರಿ," ಎಂದರು ಅಳಿಯ. ಪಾಪ, ಮುಖ ಸಣ್ಣದಾಗಿತ್ತು.

"ಕೈ ಹೋದವ್ರು ವಿಡಿಯೋ ಮಾಡಾಂಗಿಲ್ರಿ! ಉಳಿದವ್ರಷ್ಟ ಮಾಡ್ತಾರ!"

"ಒಂದು ಮಂಚದ ಕಾಲಿಗೆ ಇಷ್ಟು ಸಿಟ್ಟು ಯಾಕ್ರೀ?" ಎಂದಳು ನನ್ನ ಹೆಂಡತಿ ವಿಮಲಾ. ಯಾಕೆಂದು ಅವಳಿಗೆ ಚೆನ್ನಾಗಿ ಗೊತ್ತು. ಅಳಿಯನ ಮುಂದೆ ಹಾಗೆ ಕೇಳಲೇಬೇಕಾಗುತ್ತದೆ, ಕೇಳಿದಳು. ನಿಮಗೂ ಹಾಗೇ ಅನ್ನಿಸಿದ್ದರೆ ಸ್ವಲ್ಪ ಕುಳಿತುಕೊಳ್ಳಿ, ಹೇಳುತ್ತೇನೆ.

ಸಿಟ್ಟು ನಮ್ಮ ಮನೆತನಕ್ಕೆ ಹೊಸದಲ್ಲ. ಕಲಬುರಗಿಯಿಂದ ಹೈದರಾಬಾದಿಗೆ ಬರುವಾಗ ನಮ್ಮ ಅಜ್ಜ ಬೇರೇನು ತಂದರೋ ತಿಳಿಯದು, ಸಿಟ್ಟನ್ನಂತೂ ಜೋಪಾನವಾಗಿ ತಂದಿದ್ದರು. ಅಪ್ಪ ತಾರ್ನಾಕದಲ್ಲಿ ವಿಶ್ವವಿದ್ಯಾಲಯದ ಕಚೇರಿಯೊಂದರ ಗುಮಾಸ್ತರು. ನಲ್ಲಿ ನೀರು ತಡವಾದರೆ ನಲ್ಲಿಯನ್ನು ಬೈಯುವರು. ಅಂಗಿಯ ಜೇಬನ್ನು ದರ್ಜಿ ಒಂದು ಬೆರಳು ಕೆಳಗೆ ಹೊಲಿದದ್ದಕ್ಕೆ ಆ ಅಂಗಿಯನ್ನು ಹರಿದು ಒರೆಸುವ ಬಟ್ಟೆ ಮಾಡಿದವರು. ಆದರೆ ಕಬ್ಬಿಣದ ಮುಂದೆ ಮಾತ್ರ ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ಬಾಗಿಲ ಮೇಲಿನ ಮೊಳೆಗೆ ಒಂದು ಕೈಗರಗಸ ತೂಗುತ್ತಿತ್ತು, ಹ್ಯಾಕ್ಸಾ. ಕಿಟಕಿಯ ಸರಳೋ ಪೈಪೋ ಕೊಯ್ಯುವುದಿದ್ದರೆ ನಮ್ಮನ್ನೆಲ್ಲ ಅಂಗಳದ ಆ ತುದಿಗೆ ಅಟ್ಟಿ, ಕೊಬ್ಬರಿ ಎಣ್ಣೆಯ ಹನಿ ಬಿಡುತ್ತ, ದೇವರನಾಮ ಗುನುಗುತ್ತ ಕೊಯ್ಯುವರು. ಕಾಯ್ದ ಕಬ್ಬಿಣದ ಮೇಲಿನ ಎಣ್ಣೆಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಉದುರಿದ ಪುಡಿಯನ್ನು ಕಾಗದದ ಮೇಲೆ ಗುಡಿಸಿ ನಮಗೆ ಕೊಡುವರು. ಕೆಟ್ಟ ರೇಡಿಯೋದ ಅಯಸ್ಕಾಂತವನ್ನು ಕಾಗದದಡಿ ಓಡಿಸಿ ನಾವು ಆ ಪುಡಿಗೆ ಮೀಸೆ ಬರಿಸುತ್ತಿದ್ದೆವು. ಆ ಮೀಸೆ ಥೇಟ್ ಅಪ್ಪನದೇ.

ಆ ಮೋಹವೇ ನನ್ನನ್ನು ಕುಷಾಯಿಗೂಡದ ದೊಡ್ಡ ಕಾರ್ಖಾನೆಯ ಟೂಲ್ ರೂಮಿಗೆ ತಂದಿತೆಂದು ಕಾಣುತ್ತದೆ. ಸಾಕಷ್ಟು ವರ್ಷ ಅಲ್ಲಿ ದುಡಿದು, ಸ್ವಯಂ ನಿವೃತ್ತಿ ಪಡೆದು, ಅದೇ ಕುಷಾಯಿಗೂಡದಲ್ಲಿ ತಗಡಿನ ಶೆಡ್ಡು ಹಾಕಿ ಗೇಟು, ಗ್ರಿಲ್ಲು, ಮೆಟ್ಟಿಲ ಕಂಬಿ ಮಾಡಿಕೊಡುವ ಸ್ವಂತ ಕೆಲಸ ಶುರು ಮಾಡಿದೆ. ಆಗ ಮೊದಲ ಪ್ರಶ್ನೆ, ಕೊಯ್ಯಲು ಯಾವ ಯಂತ್ರ ಕೊಳ್ಳುವುದು?

ನಗಬೇಡಿ. ಈ ಒಂದು ಪ್ರಶ್ನೆಗೆ ನಾನು ತೆಗೆದುಕೊಂಡಷ್ಟು ಹೊತ್ತನ್ನು ನಮ್ಮ ಮಾವನವರು ವಿಮಲಾಗೆ ಗಂಡು ನೋಡಲೂ ತೆಗೆದುಕೊಂಡಿರಲಿಕ್ಕಿಲ್ಲ. ಅವಳನ್ನು ಸುಲ್ತಾನ್ ಬಜಾರಿನಲ್ಲಿ ಸೀರೆ ಅಂಗಡಿಗೆ ಬಿಟ್ಟು ನಾನು ಹತ್ತಿರದ ಗಲ್ಲಿಯ ಯಂತ್ರದಂಗಡಿಗೆ ಹೋಗುತ್ತಿದ್ದೆ. ಅವಳು ಸೀರೆ, ಕುಪ್ಪಸದ ಬಟ್ಟೆ, ಬಳೆ ಎಲ್ಲ ಮುಗಿಸಿ ಬಂದರೂ ನಾನು ಇನ್ನೂ ಅದೇ ಸ್ಟೂಲಿನ ಮೇಲೆ. ಕೊಯ್ಯುವುದು ಟೊಳ್ಳು ಪೈಪೋ ಗಟ್ಟಿ ಸರಳೋ? ಸಾದಾ ಕಬ್ಬಿಣವೋ ತುಕ್ಕು ಹಿಡಿಯದ ಸ್ಟೀಲೋ? ಪೈಪನ್ನು ಯಂತ್ರವೇ ಕಚ್ಚಿ ಹಿಡಿಯುತ್ತದೋ, ಅಥವಾ ಮನುಷ್ಯ ಕಾಲಿನಿಂದ ಒತ್ತಿ ಹಿಡಿಯಬೇಕೋ? ಯಂತ್ರ ತಿರುಗುವ ವೇಗ ಎಷ್ಟು, ಡಿಸ್ಕು ತಡೆಯುವ ವೇಗ ಎಷ್ಟು? ಅಂಗಡಿಯ ಮುದುಕ ಕೊನೆಗೆ ಬೇಸತ್ತು, "ಶಾದಿ ಕರ್‌ನಾ ಹೈ ಕ್ಯಾ ಸಾಬ್ ಇಸ್ಸೆ?" ಎಂದು ಕೇಳಿದ, ಯಂತ್ರವನ್ನೇ ಮದುವೆಯಾಗುತ್ತೀರಾ ಎಂಬಂತೆ. ವಿಮಲಾ ಬಳೆಯ ಪೊಟ್ಟಣ ಹಿಡಿದು ಹಿಂದೆಯೇ ನಿಂತಿದ್ದಳು. "ಮಾಡಿಸಿಬಿಡ್ರಿ, ನಾ ಏನೂ ಅನ್ನಾಂಗಿಲ್ಲ," ಎಂದಳು.

ಕೊನೆಗೂ ಆರಿಸಿದೆ. ಶೆಡ್ಡಿಗೆ ಬ್ಯಾಂಡ್ ಸಾ. ಉಂಗುರದಂತಿರುವ ಪಟ್ಟಿ ಗರಗಸ, ನಿಧಾನವಾಗಿ ಸುತ್ತುತ್ತ, ಮೇಲಿಂದ ತಂಪು ನೀರೆಣ್ಣೆ ಬೀಳುತ್ತಿರಲು ಕಿಡಿಯೇ ಹಾರಿಸದೆ ಕೊಯ್ಯುತ್ತದೆ. ಥೇಟ್ ಅಪ್ಪನ ಕೈಯ ಹಾಗೆ. ಹೊರಗಿನ ಕೆಲಸಕ್ಕೆ ನೆಲದ ಮೇಲಿಟ್ಟು ಬಳಸುವ ಕಟಿಂಗ್ ಮಷೀನು. ಅದಕ್ಕೆ ಪೈಪನ್ನು ಕಚ್ಚಿ ಹಿಡಿಯುವ ದವಡೆ ಇದೆ, ಡಿಸ್ಕಿನ ಮೇಲೆ ಗಟ್ಟಿ ಗಾರ್ಡು ಇದೆ, ಮನುಷ್ಯ ಹಿಡಿಕೆ ಹಿಡಿದು ಪಕ್ಕಕ್ಕೆ ನಿಲ್ಲಬಹುದು. ಕೈ ಗ್ರೈಂಡರ್ ಅಂಚು ನಯಗೊಳಿಸಲಿಕ್ಕೆ ಮಾತ್ರ, ಅದೂ ಗಾರ್ಡು ಸಹಿತ. ಕನ್ನಡಕ ಹಾಕದವನಿಗೆ ನಮ್ಮಲ್ಲಿ ಸ್ವಿಚ್ ಮುಟ್ಟಲು ಅಪ್ಪಣೆ ಇರಲಿಲ್ಲ.

ಆಗ ಊರಿನ ಪಡುವಣ ದಿಕ್ಕಿಗೆ ಹುಚ್ಚು ಹಿಡಿದಿತ್ತು. ಸಾವಿರಾರು ವರ್ಷ ಒಂದರ ಮೇಲೊಂದು ಸುಮ್ಮನೆ ಕುಳಿತಿದ್ದ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡ ಏಳಿಸುತ್ತಿದ್ದರು. ಎಲ್ಲ ಕಟ್ಟಡಕ್ಕೂ ಕಂಪ್ಯೂಟರ್ ಕಂಪನಿ ಬರುವುದು, ಎಲ್ಲ ಕಂಪನಿಗೂ ನಿನ್ನೆಯೇ ಉದ್ಘಾಟನೆ ಆಗಬೇಕಿತ್ತು. ಕೇಬಲ್ ಹೂಳಲು ಊರ ರಸ್ತೆಯನ್ನೆಲ್ಲ ಅಗೆದು, ನಮ್ಮ ಶೆಡ್ಡಿನ ಟೆಲಿಫೋನ್ ತಂತಿಯನ್ನೂ ಕಡಿದು ಹೋಗಿದ್ದರು. ಜಗತ್ತಿನೊಡನೆ ಮಾತಾಡುವ ಸಂಭ್ರಮದಲ್ಲಿ ಕುಷಾಯಿಗೂಡ ಮೂಕವಾಗಿ ಕುಳಿತಿತ್ತು. ಅದಕ್ಕೂ ನಾನು ಸಾಕಷ್ಟು ಬೈದೆ. ತಂತಿಗೆ ಕಿವಿ ಇರಲಿಲ್ಲ.

ಅಂಥ ಒಂದು ಗಾಜಿನ ಕಟ್ಟಡದ ಮೆಟ್ಟಿಲಿಗೆ ಸ್ಟೀಲ್ ಕಂಬಿ ಕೂರಿಸುವ ಕೆಲಸ ನಮಗೆ ಸಿಕ್ಕಿತು. ಕೊಯ್ಯುವ ಕೆಲಸ ಶಿವಪ್ಪನದು. ರಾಯಚೂರು ಕಡೆಯವನು, ಕೂಲಿಗೆಂದು ಹೆಂಡತಿ ಯಲ್ಲಮ್ಮನೊಂದಿಗೆ ಹೈದರಾಬಾದಿಗೆ ಬಂದು, ನನ್ನ ಶೆಡ್ಡಿನಲ್ಲಿ ಕೆಲಸ ಕಲಿತವನು. ಮಾತು ಕಡಿಮೆ, ಊಟಕ್ಕೆ ಕೂತಾಗ ರೊಟ್ಟಿಯನ್ನೂ ಅಳತೆ ಮಾಡಿದಂತೆ ಮುರಿಯುವನು. ಯಲ್ಲಮ್ಮ ಅದೇ ಕಟ್ಟಡದಲ್ಲಿ ಇಟ್ಟಿಗೆ, ಮರಳು ಹೊರುತ್ತಿದ್ದಳು. ಗಂಡನ ಮಾತನ್ನೂ ಸೇರಿಸಿ ಅವಳೇ ಆಡುವಳು.

ಅಲ್ಲಿನ ಉಸ್ತುವಾರಿ ಗುತ್ತಿಗೆದಾರರ ಕಡೆಯ ಪ್ರಸಾದ್. ಇಸ್ತ್ರಿ ಮಾಡಿದ ಅಂಗಿ, ಸೊಂಟದಲ್ಲಿ ಮೊಬೈಲು. ಆ ದಿನಗಳಲ್ಲಿ ಮೊಬೈಲು ಎಂದರೆ ಒಂದು ಪದವಿಯೇ. ಅವನ ಬಾಯಲ್ಲಿ ಸದಾ ಒಂದೇ ಮಾತು, "ಏಂ ಕಾದು ಸಾರ್." ಏನೂ ಆಗುವುದಿಲ್ಲ. ನಾನು ಮೊದಲ ದಿನವೇ ಹೇಳಿದ್ದೆ: ಕೊಯ್ಯುವುದೆಲ್ಲ ಕೆಳಗೆ, ನೆಲಮಹಡಿಯಲ್ಲಿ, ನನ್ನ ಯಂತ್ರದಲ್ಲಿ. ಅಳತೆ ತೆಗೆದು ಇಳಿದು ಬರುವುದು, ಕೊಯ್ದು ಹೊತ್ತೊಯ್ಯುವುದು. ಅವನಿಗೆ ಅದು ರುಚಿಸಲಿಲ್ಲ. "ಇತ್ತಾ ಟೆನ್ಶನ್ ಕಾಯ್ಕು ಸಾಬ್? ಇಷ್ಟೊಂದು ಚಿಂತೆ ಯಾಕೆ? ಎಲ್ಲರೂ ಮೇಲೇ ಕೈ ಗ್ರೈಂಡರಿನಲ್ಲಿ ಕೊಯ್ತಾರೆ. ಇಳಿಯೋದು ಹತ್ತೋದರಲ್ಲೇ ದಿನ ಹೋಗ್ತದೆ. ಏಂ ಕಾದು."

"ನಿಮಗ ಏನೂ ಆಗಾಂಗಿಲ್ಲ, ಗೊತ್ತೈತಿ. ಮಷೀನ್ ಹಿಡಿಯಾವ ನೀವಲ್ಲಲ್ಲ," ಎಂದು ನಾನು ಕನ್ನಡದಲ್ಲೇ ಅಂದೆ. ಸಿಟ್ಟು ಬಂದಾಗ ನನಗೆ ತೆಲುಗೂ ಬರುವುದಿಲ್ಲ, ಹಿಂದಿಯೂ ಬರುವುದಿಲ್ಲ. ಅವನಿಗೆ ಅರ್ಥವಾಯಿತೋ ಇಲ್ಲವೋ, ನಕ್ಕ.

ಅದು ನಡೆದ ದಿನ ನಾನು ಶೆಡ್ಡಿನಲ್ಲಿ ಪೈಪು ಬಗ್ಗಿಸುತ್ತಿದ್ದೆ. ಮಧ್ಯಾಹ್ನ ಯಾರದೋ ಸ್ಕೂಟರಿನಲ್ಲಿ ಸುದ್ದಿ ಬಂತು. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಶಿವಪ್ಪನ ಎಡಗಣ್ಣು ಹೋಗಿತ್ತು. ಕೆನ್ನೆಯಿಂದ ಹಣೆಯ ತನಕ ಹೊಲಿಗೆ ಹಾಕಿ, ಅರ್ಧ ಮುಖಕ್ಕೆ ಬಿಳಿ ಪಟ್ಟಿ ಸುತ್ತಿದ್ದರು. ಉಳಿದ ಒಂದು ಕಣ್ಣಿನಲ್ಲಿ ಅವನು ನನ್ನನ್ನು ನೋಡಿ ಮೆಲ್ಲಗೆ ಕೇಳಿದ.

"ಸಾಹೇಬ್ರ, ಮ್ಯಾಲೇ ಕೊಯ್ಯಿ ಅಂತ ನೀವ ಹೇಳಿದ್ರಂತಲ್ರಿ? ಖರೇನ ಹೇಳಿದ್ರೇನ್ರಿ?"

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಯಲ್ಲಮ್ಮ ಹೇಳಿದಳು. ಪ್ರಸಾದ್ ಸ್ಟೋರಿನಿಂದ ಸಣ್ಣ ಗ್ರೈಂಡರ್ ತರಿಸಿ ಶಿವಪ್ಪನ ಕೈಗೆ ಕೊಟ್ಟ. ಅದಕ್ಕೆ ಹಾಕಿದ್ದದ್ದು ದೊಡ್ಡ ಗ್ರೈಂಡರಿನ ಡಿಸ್ಕು. ತೂತು ದೊಡ್ಡದಾಯಿತೆಂದು ವಾಷರ್ ಇಟ್ಟು ಬಿಗಿದಿದ್ದರು, ಗಾರ್ಡಿನೊಳಗೆ ಹಿಡಿಯುವುದಿಲ್ಲವೆಂದು ಗಾರ್ಡನ್ನೇ ಕಿತ್ತು ಹಾಕಿದ್ದರು. ದೊಡ್ಡ ಡಿಸ್ಕಾದರೆ ಬೇಗ ಕೊಯ್ಯುತ್ತದಂತೆ! ಸಣ್ಣ ಯಂತ್ರ ದೊಡ್ಡದಕ್ಕಿಂತ ಎಷ್ಟೋ ಜೋರಾಗಿ ತಿರುಗುತ್ತದೆ, ದೊಡ್ಡ ಡಿಸ್ಕು ಆ ವೇಗ ತಡೆಯದೆ ಸಿಡಿಯುತ್ತದೆ; ಎಷ್ಟು ವೇಗ ತಡೆಯುತ್ತದೆಂದು ಡಿಸ್ಕಿನ ಮೇಲೆಯೇ ಅಚ್ಚಾಗಿರುತ್ತದೆ, ಓದುವ ಮನಸ್ಸಿದ್ದವರಿಗೆ. ಶಿವಪ್ಪ ಬೇಡವೆಂದ. ನಮ್ಮ ಸಾಹೇಬರು ಬೈತಾರೆ ಎಂದ. ಆಗ ಪ್ರಸಾದ್ ಸೊಂಟದ ಮೊಬೈಲು ತೆಗೆದು, ಗುಂಡಿ ಒತ್ತಿ, ಕಿವಿಗೆ ಹಿಡಿದು, "ಹಾಂ ಸಾರ್, ಸರಿ ಸಾರ್, ಹೇಳ್ತೀನಿ ಸಾರ್" ಎಂದು ಮಾತಾಡಿ, "ನಿಮ್ಮ ಸಾಹೇಬರು ಒಪ್ಪಿದರು" ಎಂದನಂತೆ. ಕೊಯ್ಯಲು ಶುರು ಮಾಡಿದ ಸ್ವಲ್ಪ ಹೊತ್ತಿಗೇ ಡಿಸ್ಕು ಸಿಡಿದು ಚೂರು ಮುಖಕ್ಕೆ ಬಡಿದಿತ್ತು.

ನನ್ನ ಹತ್ತಿರ ಮೊಬೈಲಿರಲಿಲ್ಲ. ಶೆಡ್ಡಿನ ಫೋನು ಸತ್ತು ಬಿದ್ದಿತ್ತು. ಅವನು ಮಾತಾಡಿದ್ದು ಗಾಳಿಯೊಡನೆ. ಆದರೆ ಆ ಗಾಳಿಗೆ ನನ್ನ ಹೆಸರು ಕೊಟ್ಟಿದ್ದ.

"ಇಲ್ಲೋ ಶಿವಪ್ಪಾ, ನಾ ಹೇಳಿಲ್ಲ. ನನಗ ಯಾರೂ ಫೋನ್ ಮಾಡಿಲ್ಲ," ಎಂದೆ. ಅವನು "ಹೂಂ" ಎಂದ. ನಂಬಿದನೋ, ಮಾಲೀಕನ ಮುಂದೆ ಬೇರೆ ಏನು ಹೇಳುವುದೆಂದು ಹೂಂ ಅಂದನೋ, ನನಗೆ ತಿಳಿಯಲಿಲ್ಲ. ಅಪ್ಪ ನಲ್ಲಿಗೆ, ದರ್ಜಿಗೆ, ನಾನು ಟೆಲಿಫೋನಿಗೆ ಮಾಡಿದ ಸಿಟ್ಟೆಲ್ಲ ಆಟಿಕೆಯದು. ನಿಜವಾದ ಸಿಟ್ಟು ಹೇಗಿರುತ್ತದೆಂದು ಆ ಮಂಚದ ಪಕ್ಕದಲ್ಲಿ ನಿಂತು ತಿಳಿದುಕೊಂಡೆ. ಅದು ಕೂಗುವುದಿಲ್ಲ.

ಮರುದಿನ ಬೆಳಿಗ್ಗೆ ಕಟ್ಟಡದ ಕಚೇರಿಗೆ ಕರೆಸಿದರು. ಒಳಗೆ ಹೋಗುವ ಮೊದಲು ನಾಲ್ಕನೆಯ ಮಹಡಿ ಹತ್ತಿ ಅವಘಡವಾದ ಜಾಗ ನೋಡಿದೆ. ಅಲ್ಲಿ ಕಂಡದ್ದನ್ನು ಇವತ್ತಿಗೂ ಸಿಟ್ಟಿಲ್ಲದೆ ನೆನೆಯಲಾರೆ. ಗ್ರೈಂಡರಿನ ಕಿಡಿ ಹೊಸ ಗಾಜಿಗೆ ತಾಗಿದರೆ ಚುಕ್ಕೆ ಬೀಳುತ್ತದಲ್ಲ, ಅದಕ್ಕಾಗಿ ಗಾಜಿನ ಗೋಡೆಗೆಲ್ಲ ದಪ್ಪ ರಟ್ಟು ಕಟ್ಟಿ ಮುಚ್ಚಿದ್ದರು. ಮೂಲೆ ಮೂಲೆಗೂ ಅಂಟುಪಟ್ಟಿ, ಎಷ್ಟು ಅಚ್ಚುಕಟ್ಟು! ಗಾಜಿಗೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಶಿವಪ್ಪನ ಕನ್ನಡಕ ಕೆಳಗೆ ನನ್ನ ಯಂತ್ರದ ಪೆಟ್ಟಿಗೆಯಲ್ಲಿತ್ತು. ಅದನ್ನು ತರುತ್ತೇನೆಂದರೆ ಹೊತ್ತಾಗುತ್ತದೆ ಎಂದಿದ್ದರು. ಕೆಳಗೆ ಬಾಗಿಲಲ್ಲಿ ಮಾತ್ರ ಆಳೆತ್ತರದ ಹಲಗೆ, ಟೊಪ್ಪಿಗೆ ಹಾಕಿ ನಗುವ ಮನುಷ್ಯನ ಚಿತ್ರ, "ಸುರಕ್ಷತೆಯೇ ಮೊದಲು." ಯಾರ ಸುರಕ್ಷತೆ? ರಟ್ಟಿನ ಹಿಂದೆ ಹಾಯಾಗಿ ನಿಂತಿದ್ದ ಗಾಜಿನದು!

ಕಚೇರಿಯಲ್ಲಿ ಆ ಕಟ್ಟಡಕ್ಕೆ ಬರಲಿದ್ದ ಕಂಪ್ಯೂಟರ್ ಕಂಪನಿಯ ಕಡೆಯಿಂದ ಬಂದ ಒಬ್ಬ ಮೇಡಂ ಕುಳಿತಿದ್ದರು. ಮೇಜಿನ ಮೇಲೆ ಒಂದು ಗ್ರೈಂಡರ್. ಅದಕ್ಕೀಗ ಸಣ್ಣ ಡಿಸ್ಕು, ಹೊಳೆಯುವ ಗಾರ್ಡು, ಎಲ್ಲ ಇತ್ತು. ಪ್ರಸಾದ್ ವಿನಯದಿಂದ ಹೇಳುತ್ತಿದ್ದ: ನಾವು ಸರಿಯಾದ ಯಂತ್ರವನ್ನೇ ಕೊಟ್ಟಿದ್ದೆವು, ಗಾರ್ಡು ತೆಗೆದವನು ಅವನೇ, ಇವರಿಗೆಲ್ಲ ಎಷ್ಟು ಹೇಳಿದರೂ ಅಷ್ಟೇ. ಮೇಡಂ ತಲೆಯಾಡಿಸಿದರು. ಚಿಕಿತ್ಸೆ, ಪರಿಹಾರ ಎಲ್ಲ ಕೊಡುತ್ತೇವೆ, ಉದ್ಘಾಟನೆ ಹತ್ತಿರ ಬಂದಿದೆ, ಇದನ್ನು ಬೆಳೆಸುವುದು ಬೇಡ ಎಂದರು.

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ಗದ್ದಲ. ಕಾವಲುಗಾರ ತಡೆಯುತ್ತಿದ್ದರೂ ಯಲ್ಲಮ್ಮ ಒಳಗೆ ಬಂದಳು. ಸೆರಗಿನ ಗಂಟು ಬಿಚ್ಚಿ, ಕಪ್ಪು ತುಂಡೊಂದನ್ನು ಮೇಜಿನ ಮೇಲೆ ಇಟ್ಟಳು. ಒಡೆದ ಡಿಸ್ಕಿನ ಚೂರು. ಅಂಚಿಗೆ ರಕ್ತ ಒಣಗಿತ್ತು.

"ಇದೇನಮ್ಮಾ?" ಎಂದರು ಮೇಡಂ ತೆಲುಗಿನಲ್ಲಿ.

ಯಲ್ಲಮ್ಮನಿಗೆ ತೆಲುಗು ಬರುತ್ತಿತ್ತು. ಆದರೂ ಕನ್ನಡದಲ್ಲೇ ಹೇಳಿದಳು. "ನನ್ನ ಗಂಡನ ಕಣ್ಣ ತಿಂದದ್ದು. ಅಲ್ಲೇ ಕಸದಾಗ ಬಿಟ್ಟು ಬರ್ಲೇನು?"

ನಾನು ಆ ಚೂರನ್ನು ತೆಗೆದುಕೊಂಡು ಮೇಜಿನ ಮೇಲಿದ್ದ ಗ್ರೈಂಡರಿನ ಗಾರ್ಡಿನೊಳಗೆ ಕೂರಿಸಲು ನೋಡಿದೆ. ಕೂರಲಿಲ್ಲ. ಚೂರಿನ ಬಾಗು ಗಾರ್ಡಿನ ಬಾಗಿಗಿಂತ ಬಹಳ ದೊಡ್ಡದು; ಹೇಗೆ ತಿರುಗಿಸಿದರೂ ಹೊರಗೇ ಚಾಚಿಕೊಳ್ಳುತ್ತಿತ್ತು. ಅದನ್ನು ಮೇಡಂ ಕೈಗೆ ಕೊಟ್ಟೆ. "ನೀವೇ ಕೂರಿಸಿ ನೋಡಿ. ಈ ಡಿಸ್ಕಿಗೆ ಈ ಗಾರ್ಡು ಹಾಕಲು ಬರುವುದೇ ಇಲ್ಲ. ಗಾರ್ಡು ತೆಗೆದೇ ಕೊಟ್ಟಿದ್ದಾರೆ. ಇನ್ನು, ನನಗೆ ಫೋನ್ ಮಾಡಿ ಅಪ್ಪಣೆ ಪಡೆದೆ ಅಂತ ಇವರು ಹೇಳಿದ್ದಾರೆ. ಯಾವ ನಂಬರಿಗೆ ಮಾಡಿದರು ಕೇಳಿ."

ಪ್ರಸಾದ್ ಸೊಂಟದ ಮೊಬೈಲನ್ನು ಅಂಗೈಯಿಂದ ಮುಚ್ಚಿಕೊಂಡ.

ಮೇಡಂ ಚೂರನ್ನು ತಾವೇ ಗಾರ್ಡಿಗೆ ಹಿಡಿದು ನೋಡಿದರು, ಒಮ್ಮೆಯಲ್ಲ, ಬಹಳ ಹೊತ್ತು. ಆಮೇಲೆ ಕೈಗೆ ಹತ್ತಿದ್ದನ್ನು ನೋಡಿಕೊಂಡು ಚೂರನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ನಿಮಗೇನು ಬೇಕು ಹೇಳಿ," ಎಂದರು ನನಗೆ.

"ನೀವು ಹೇಳಿದ್ದೆಲ್ಲ ಶಿವಪ್ಪನಿಗೆ ಕೊಡಿ, ಅದು ಅವನ ಹಕ್ಕು. ನನಗೆ ಬೇಕಾದದ್ದು ಬೇರೆ. ಈ ಮನುಷ್ಯ ಆಸ್ಪತ್ರೆಗೆ ಬಂದು, ಸುಳ್ಳು ಹೇಳಿದವನು ತಾನೇ ಅಂತ ಶಿವಪ್ಪನ ಮುಂದೆ ಒಪ್ಪಿಕೊಳ್ಳಬೇಕು. ಅಲ್ಲೀತನಕ ನಿಮ್ಮ ಮೆಟ್ಟಿಲಿಗೆ ಕಂಬಿ ಕೂರುವುದಿಲ್ಲ."

ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ, ನಡುವೆ ಕುತೂಹಲ ಬೇಡ. ಪರಿಹಾರ ಬಂತು. ಶಿವಪ್ಪ ಗುಣವಾಗಿ ನಮ್ಮ ಶೆಡ್ಡಿಗೇ ಮರಳಿ, ಬ್ಯಾಂಡ್ ಸಾ ತನ್ನದೆಂಬಂತೆ ನೋಡಿಕೊಂಡ. ಪ್ರಸಾದನನ್ನು ಗುತ್ತಿಗೆದಾರರು ಕೆಲಸದಿಂದ ತೆಗೆಯಲಿಲ್ಲ. ಇನ್ನೊಂದು ಕಟ್ಟಡಕ್ಕೆ ಕಳಿಸಿದರು, ಇನ್ನೂ ದೊಡ್ಡದಕ್ಕೆ. ಉದ್ಘಾಟನೆ ತಡವಾಯಿತು, ಆದರೆ ಆಯಿತು. ಭಾಷಣದಲ್ಲಿ ಕೂಲಿಕಾರರಿಗೂ ಯಾರೋ ಧನ್ಯವಾದ ಹೇಳಿದರಂತೆ. ಆ ಧನ್ಯವಾದವನ್ನು ಎಲ್ಲಿಡಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ.

ಆದರೆ ನಾನು ಹೇಳಬೇಕೆಂದು ಕುಳಿತದ್ದು ಅದಾದ ಮೇಲೆ ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ನಡೆದ ಮಾತು. ಪ್ರಸಾದ್ ಬಂದ. ಮಂಚದ ಕಾಲ ಬಳಿ ನಿಂತು, ಗೋಡೆ ನೋಡುತ್ತ, ಹಿಂದಿಯಲ್ಲಿ ಹೇಳಿದ. ಫೋನು ಮಾಡಿರಲಿಲ್ಲ. ಸಾಹೇಬರು ಹೇಳಿರಲಿಲ್ಲ. ಹೇಳಿದವನು ನಾನೇ.

ಶಿವಪ್ಪ ಕೇಳಿಸಿಕೊಂಡ. ನನ್ನ ಕಡೆ ಒಮ್ಮೆ ನೋಡಿದ. ಅವನು ಬೈಯಲಿ, ಉಗುಳಲಿ ಎಂದು ನಾನು ಕಾಯುತ್ತಿದ್ದೆ. ನನ್ನ ಸಿಟ್ಟಿಗೆ ಅವನ ಸಿಟ್ಟಿನ ಜೊತೆ ಬೇಕಾಗಿತ್ತು. ಅವನು ಕೇಳಿದ್ದು ಇಷ್ಟೇ.

"ಈಗ ಅಲ್ಲಿ ಯಾರು ಕೊಯ್ಯಾಕತ್ತಾರ್ರಿ?"

ನಾನು ಅದನ್ನೇ ಹಿಂದಿಯಲ್ಲಿ ಕೇಳಿದೆ. ಪ್ರಸಾದ್ ಬಾಗಿಲ ಕಡೆ ತಿರುಗಿದ. ನಾನು ಕೆಲಸ ನಿಲ್ಲಿಸಿದ ಮೇಲೆ ಮಹಡಿಯ ಉಳಿದ ಕಬ್ಬಿಣದ ಕೆಲಸಕ್ಕೆ ಅವನು ಬೇರೆಯವರನ್ನು ಹಚ್ಚಿದ್ದ. ಅದು ನನಗೆ ಹೊಳೆಯುವ ಮೊದಲೇ ಯಲ್ಲಮ್ಮ ಎದ್ದು ನಿಂತಿದ್ದಳು.

ಪ್ರಸಾದನ ಜೀಪಿನಲ್ಲೇ ಹೋದೆವು. ಕಟ್ಟಡದ ಕೆಳಗಿನಿಂದಲೇ ಮೇಲಿನ ಮಹಡಿಯ ಕಿಡಿ ಕಾಣುತ್ತಿತ್ತು. ನಾನು ಏದುಸಿರು ಬಿಡುತ್ತ ಹತ್ತಿದೆ. ಇಟ್ಟಿಗೆ ಹೊತ್ತು ರೂಢಿಯಿದ್ದ ಯಲ್ಲಮ್ಮ ನನಗಿಂತ ಎಷ್ಟೋ ಮುಂದೆ. ನಾನು ಮುಟ್ಟುವಷ್ಟರಲ್ಲಿ ಅವಳು ಸ್ವಿಚ್ ಬೋರ್ಡಿನಿಂದ ಪಿನ್ನು ಕಿತ್ತು ಕೈಯಲ್ಲಿ ಹಿಡಿದಿದ್ದಳು. ರಟ್ಟು ಹೊದ್ದ ಗಾಜಿನ ಮುಂದೆ, ಗಾರ್ಡಿಲ್ಲದ ಇನ್ನೊಂದು ಗ್ರೈಂಡರ್ ಹಿಡಿದು, ಪೈಪನ್ನು ಕಾಲಡಿ ಒತ್ತಿಕೊಂಡು ಕುಳಿತಿದ್ದವನು ತಲೆ ಎತ್ತಿದ. ನಡುವಯಸ್ಸಿನವನು, ಮಾತಿನಲ್ಲಿ ಯಾದಗಿರಿ ಕಡೆಯವನು.

"ಯವ್ವಾ, ಪಿನ್ ಹಾಕ. ಕೆಲಸ ನಿಂತೈತಿ," ಎಂದ ರೇಗಿ.

"ನಿನಗ ಕಣ್ಣ ಎಷ್ಟ ಅದಾವೋ ಅಣ್ಣಾ?"

ಅವನಿಗೆ ಹುಚ್ಚು ಹೆಂಗಸೆಂದು ಕಂಡಿರಬೇಕು. "ಎರಡ," ಎಂದ.

"ಹಂಗಾರ ಕೆಳಗ ಇಳಿ. ಸಾಹೇಬ್ರ ಮಷೀನ್ ಅಲ್ಲೈತಿ."

ಅವನು ನನ್ನ ಮುಖ ನೋಡಿದ, ಪ್ರಸಾದನ ಮುಖ ನೋಡಿದ, ಮತ್ತೆ ಅವಳ ಮುಖ ನೋಡಿದ. ಆಮೇಲೆ ಗ್ರೈಂಡರನ್ನು ನೆಲಕ್ಕಿಟ್ಟು, ಪೈಪನ್ನು ಹೆಗಲಿಗೇರಿಸಿ, ಮೆಟ್ಟಿಲಿಳಿಯತೊಡಗಿದ. ಆ ಮಹಡಿಯಲ್ಲಿದ್ದ ಉಳಿದವರೂ ಒಬ್ಬೊಬ್ಬರಾಗಿ ತಮ್ಮ ತಮ್ಮ ಪೈಪು ಎತ್ತಿಕೊಂಡು ಅವನ ಹಿಂದೆ ಇಳಿದರು.